ಜರಡಿಯ ಮೇಲೆ ಉಳಿದದ್ದು

ಕ್ಲೈಡ್ ಶೀಲ್ಡ್ಸ್ ಅಂತ ಒಬ್ಬರಿದ್ದರು. ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ವಿಮಾನ ಕಂಪನಿಯ ಕೆಲಸಗಾರರು. ಕಿಡ್ನಿ ಎರಡೂ ಕೈಕೊಟ್ಟು ಸಾಯುವ ಸ್ಥಿತಿ ತಲುಪಿದ್ದರು. ಡಯಾಲಿಸಿಸ್ ಆಗಲೇ ಇತ್ತು ನೋಡಿ. ಹಾಲೆಂಡಿನ ವಿಲೆಮ್ ಕೋಲ್ಫ್ ಎರಡನೇ ಮಹಾಯುದ್ಧದ ನಡುವೆಯೇ ಅದರ ಯಂತ್ರ ಕಟ್ಟಿದ್ದರು. ಆದರೆ ಪ್ರತಿ ಸಲವೂ ಹೊಸ ರಕ್ತನಾಳ ಕೊಯ್ಯಬೇಕು. ನಾಲ್ಕಾರು ಸಲ ಆಗುವಷ್ಟರಲ್ಲಿ ಕೊಯ್ಯಲು ನಾಳವೇ ಉಳಿಯುತ್ತಿರಲಿಲ್ಲ. ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರಿಗೆ ಹೊಳೆಯಿತು: ಅಪಧಮನಿಗೊಂದು, ಅಭಿಧಮನಿಗೊಂದು ಕೊಳವೆ ಕೂರಿಸಿ, ಎರಡನ್ನೂ ಸೇರಿಸಿ, ಹಾಗೇ ಬಿಟ್ಟುಬಿಟ್ಟರೆ? ಕೊಳವೆ ಟೆಫ್ಲಾನ್‌ನದು, ದೋಸೆ ಅಂಟದಿರಲೆಂದು ತವಕ್ಕೆ ಬಳಿಯುತ್ತಾರಲ್ಲ, ಅದೇ. 1960ರ ಮಾರ್ಚ್‌ನಲ್ಲಿ ಶೀಲ್ಡ್ಸ್ ಮುಂಗೈಗೆ ಅದನ್ನು ಕೂರಿಸಿದರು. ಮತ್ತೆ 11 ವರ್ಷ ಬದುಕಿದರು ಆ ಮನುಷ್ಯ! 1971ರಲ್ಲಿ ಹೃದಯಾಘಾತವಾಗಿ ತೀರಿಕೊಂಡರು.

ಈ ಕತೆ ಹೇಳುವಾಗೆಲ್ಲ ಇಲ್ಲಿಗೆ ಬಂದರೆ ನನ್ನ ಗಂಟಲು ಕಟ್ಟುತ್ತದೆ. 1974ರಲ್ಲಿ ಅದೇ ಸಿಯಾಟಲ್‌ನ ವೈದ್ಯರು ಬರೆದರು: ಬಹುಕಾಲ ಡಯಾಲಿಸಿಸ್‌ನಲ್ಲಿರುವವರ ರಕ್ತನಾಳಗಳು ಬೇಗ ಗಡುಸಾಗುತ್ತಿವೆ. ರಕ್ತದೊತ್ತಡ, ಕೊಬ್ಬು, ಸುಣ್ಣದಂಶ, ಎಲ್ಲದರ ಪಾಲೂ ಇತ್ತು. ಕರುಳಿನ ಕಡೆ ಹೆಚ್ಚು ಜನ ನೋಡಲಿಲ್ಲ.

ನಾವು ತಿಂದ ಪ್ರೋಟೀನಿನಲ್ಲಿ ಜೀರ್ಣವಾಗದೆ ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದರಿಂದ ಇಂಡೋಲ್, ಕ್ರೆಸಾಲ್ ಮಾಡುತ್ತವೆ. ಯಕೃತ್ತು ಅವಕ್ಕೆ ಸಲ್ಫೇಟ್ ಸೇರಿಸಿ ರಕ್ತಕ್ಕೆ ಬಿಡುತ್ತದೆ. ಗಟ್ಟಿಮುಟ್ಟಾದ ಕಿಡ್ನಿ ಅವನ್ನು ಹೊರಗೆ ಹಾಕುತ್ತದೆ. ಯಂತ್ರಕ್ಕೆ ಅದು ಅಷ್ಟಾಗಿ ಆಗುವುದಿಲ್ಲ, ಯಾಕೆಂದರೆ ಈ ವಿಷಗಳು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತವೆ. ಕಾಳಿಗೆ ಅಂಟಿದ ಹಿಟ್ಟು ಎಷ್ಟು ಜರಡಿ ಆಡಿಸಿದರೂ ಕಾಳಿನ ಜೊತೆ ಮೇಲೇ ಉಳಿಯುವುದಿಲ್ಲವೇ, ಹಾಗೆ. ಉಳಿದದ್ದು ನಾಳಗಳ ಒಳಪದರವನ್ನು ಕೆಣಕುತ್ತದೆ.

ಪ್ಯಾರಿಸ್ಸಿನ ವಿಜ್ಞಾನಿ ಮೆಚ್ನಿಕಾಫ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಹೇಳಿದ್ದರು, ಕರುಳಿನ ವಿಷವೇ ನಾಳಗಳನ್ನು ಗಡುಸಾಗಿಸುತ್ತದೆ ಅಂತ. ಹುಳಿ ಹಾಲು ಕುಡಿಯಿರಿ ಎಂದು ಸಾರಿದ ಅವರ ಮಾತನ್ನು ಕೆಲವು ಶಸ್ತ್ರವೈದ್ಯರು ಅತಿಗೆ ಒಯ್ದು ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿದರು. ಆ ಅತಿರೇಕಕ್ಕೆ ಬಂದ ಕೆಟ್ಟ ಹೆಸರಿನಲ್ಲಿ ಒಳ್ಳೆಯ ಪ್ರಶ್ನೆಯೂ ಮುಚ್ಚಿಹೋಯಿತು. ನನಗೆ ಅದೇ ಸಂಕಟ.

ಈ ವಿಷ ಕರುಳಿನಿಂದಲೇ ಬರುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು 2011ರಲ್ಲಿ. ಡಯಾಲಿಸಿಸ್‌ನಲ್ಲಿದ್ದು, ಬೇರೆ ಕಾಯಿಲೆಗಾಗಿ ದೊಡ್ಡ ಕರುಳು ತೆಗೆಸಿಕೊಂಡಿದ್ದವರ ರಕ್ತ ನೋಡಿದರೆ ಇಂಡೋಲ್, ಕ್ರೆಸಾಲ್‌ನಿಂದಾಗುವ ಈ ಎರಡು ವಿಷ ಹೆಚ್ಚುಕಡಿಮೆ ಇಲ್ಲವೇ ಇಲ್ಲ!

ಜಪಾನಿನಲ್ಲಿ ಇಂಡೋಲನ್ನು ಕರುಳಿನಲ್ಲೇ ಹೀರುವ ಕರಿ ಇಂಗಾಲದ ಗುಂಡುಗಳನ್ನು ಕಿಡ್ನಿ ರೋಗಿಗಳಿಗೆ 1991ರಿಂದ ಕೊಡುತ್ತಿದ್ದಾರೆ. ಹೊರದೇಶಗಳ ದೊಡ್ಡ ಪರೀಕ್ಷೆಗಳಲ್ಲಿ ಅದು ಕಿಡ್ನಿ ಕುಸಿತವನ್ನು ತಡೆಯಲಿಲ್ಲ. ಆಲ್ಬುಮಿನ್‌ನಿಂದ ವಿಷ ಬಿಡಿಸುವ ಜರಡಿಗಾಗಿ ಪ್ರಯೋಗ ನಡೆದೇ ಇದೆ.