ಕರಾರು, ತಕರಾರು ಮತ್ತು ನಮ್ಮ ಸಹಿ

(ಬೇಗಂಪೇಟೆಯಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾನು ಆರಿಸಿಕೊಂಡಿರುವುದು ಒಂದೇ ಪದ: ಕರಾರು. ಅರಬ್ಬಿಯಲ್ಲಿ ಹುಟ್ಟಿ, ಫಾರಸಿ ಮತ್ತು ಉರ್ದು ಆಡಳಿತದ ದಾರಿಯಲ್ಲಿ ಕನ್ನಡದ ಮನೆ ಸೇರಿದ ಪದ ಇದು. ಬೀದರ್, ಕಲಬುರಗಿ, ರಾಯಚೂರಿನವರಿಗಂತೂ ಹೊಸದಲ್ಲ. 1956ರವರೆಗೆ ಅವರ ರಾಜಧಾನಿ ಇದೇ ಹೈದರಾಬಾದು. ದಸ್ತಾವೇಜು, ಜಾಮೀನು, ವಾಯಿದೆ ಎಲ್ಲವೂ ಇದರ ಜೊತೆಗಾರರೇ.

ಉರ್ದುವಿನಲ್ಲಿ 'ಕರಾರ್' ಎಂದರೆ ಒಪ್ಪಂದವೂ ಹೌದು, ನೆಮ್ಮದಿಯೂ ಹೌದು. ಹಿಂದಿ ಹಾಡುಗಳಲ್ಲಿ ಬರುವ 'ಬೇಕರಾರ್' ನೆಮ್ಮದಿ ಕಳೆದುಕೊಂಡ ಜೀವ. 'ತಕರಾರು' ಇದರ ತಂಗಿಯಂತೆ ಕೇಳಿಸಿದರೂ ಬೇರೆ ಮನೆತನದ್ದು. ಅದರ ಮೂಲಾರ್ಥ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಹಾಗೆ ಹೇಳಿದರೆ ಜಗಳವಾಗದೆ ಇರುತ್ತದೆಯೇ!

ನಾವು "ಕರಾರುವಾಕ್ಕಾಗಿ ಹೇಳು" ಎನ್ನುತ್ತೇವೆ, ಅಂದರೆ ಖಚಿತವಾಗಿ. ಗಂಗೆ ಶಂತನುವಿಗೆ ಕರಾರು ಹಾಕಿಯೇ ಮದುವೆಯಾದಳು: ನಾನು ಏನು ಮಾಡಿದರೂ ಪ್ರಶ್ನಿಸಬಾರದು. ಅವನು ಪ್ರಶ್ನಿಸಿದ ದಿನ ಹೊರಟೇಹೋದಳು.

ಈಗಿನ ಮಾತಿಗೆ ಬರೋಣ. ಬಾಡಿಗೆ ಕರಾರು 11 ತಿಂಗಳಿಗೇ ಏಕೆ? 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಅದಕ್ಕೇ ಈ ಉಪಾಯ. 1872ರ ಕರಾರು ಕಾಯ್ದೆ ಹೆಣ್ಣು, ಗಂಡು ಎಂದು ಭೇದ ಮಾಡುವುದಿಲ್ಲ. ವಯಸ್ಕಳಾದ ಹೆಣ್ಣಿನ ಸಹಿಗೂ ಪೂರ್ತಿ ತೂಕವಿದೆ, ಪೂರ್ತಿ ಹೊಣೆಯೂ ಇದೆ. ಜಾಮೀನು ಹಾಕಿದವರ ಹೊಣೆ, ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನಷ್ಟೇ ಎನ್ನುತ್ತದೆ ಅದರ 128ನೇ ಕಲಂ. ಅವನು ಕಟ್ಟದಿದ್ದರೆ ನೋಟಿಸು ನಮ್ಮ ಬಾಗಿಲಿಗೆ.

ಎರಡು ವರ್ಷದ ಹಿಂದೆ ಬಂಧುವೊಬ್ಬರು ಅಂಗಡಿ ಸಾಲಕ್ಕೆ ನನ್ನ ಜಾಮೀನು ಕೇಳಿದರು. "ಬರೀ ಒಂದು ಸಹಿ ತಾನೇ ಅಮ್ಮಾ" ಎಂದರು. ಪತ್ರ ಓದಲು ಕೇಳಿದೆ. "ಮನೆಯವರ ಮೇಲೆ ನಂಬಿಕೆ ಇಲ್ಲವಾ?" ಎಂದರು. ಓದಿದೆ, ಸಹಿ ಹಾಕಲಿಲ್ಲ. ಆರು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಬೇಸರವಾಯಿತು; ಆದರೆ ರಾತ್ರಿ ನಿದ್ದೆ ಬಂತು.

ಕಂಪ್ಯೂಟರಿನಲ್ಲಿ 'ಐ ಅಗ್ರೀ' ಒತ್ತುವ ಅಭ್ಯಾಸ ನಮ್ಮ ಕ್ಷೇತ್ರದವರಿಗೆ ಹೆಚ್ಚು. ಅದೇ ಬೆರಳು ಮನೆಯ ಕಾಗದಕ್ಕೂ ಅಷ್ಟೇ ಬೇಗ ಓಡಬಾರದು. ಖಾಲಿ ಕಾಗದಕ್ಕೆ ಸಹಿ ಬೇಡ. ತಿಳಿಯದ ಸಾಲನ್ನು ಕೇಳಿ ತಿಳಿಯಿರಿ. ಒಂದು ಪ್ರತಿ ನಿಮ್ಮ ಹತ್ತಿರವೇ ಇರಲಿ. ಕರಾರು ಮೊದಲೇ ಸ್ಪಷ್ಟವಾಗಿದ್ದರೆ ಆಮೇಲಿನ ತಕರಾರು ಅರ್ಧ ಕಡಿಮೆ.