ಸಾಲ ಅವಳ ಹೆಸರಿನಲ್ಲಿ, ದುಡ್ಡು ಯಾರ ಕೈಯಲ್ಲಿ?

(ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಮುಂದೆ ಆಡಿದ ಮಾತುಗಳ ಬರಹರೂಪ)

ಮಹಿಳಾ ಉದ್ಯಮಕ್ಕೆ ಉತ್ತೇಜನ ಕೊಡಬೇಕು ಎಂಬ ಮಾತನ್ನು ಇಂದು ಎಲ್ಲ ವೇದಿಕೆಗಳ ಮೇಲೂ ಕೇಳುತ್ತೇವೆ. ಮಂತ್ರಿಗಳು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ನಾವೂ ಹೇಳುತ್ತೇವೆ. ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಪ್ರಕರಣಗಳ ನಡುವೆ ಬಹಳ ವರ್ಷ ಕೆಲಸ ಮಾಡಿರುವ ನನಗೆ ಈ ಮಾತು ಕೇಳಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಸಾಲವೇನೋ ಅವಳ ಹೆಸರಿನಲ್ಲಿದೆ. ದುಡ್ಡು ಯಾರ ಕೈಯಲ್ಲಿದೆ? ಇವತ್ತು ಈ ಒಂದು ಪ್ರಶ್ನೆಯನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಬೀದರಿನಿಂದ ಬಳ್ಳಾರಿಯವರೆಗಿನ ನಮ್ಮ ಈ ಸೀಮೆಯ ಹೆಂಗಸರಿಗೆ ಉದ್ಯಮವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ನಸುಕಿನಲ್ಲಿ ಎದ್ದು ಜೋಳದ ಹಿಟ್ಟು ನಾದಿ, ಒಲೆಯ ಮುಂದೆ ಕೂತು ನೂರಾರು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವರು ಇಲ್ಲೇ ಕೂತಿದ್ದೀರಿ. ಶೇಂಗಾ ಚಟ್ನಿ ಕುಟ್ಟುವವರು, ಎಮ್ಮೆ ಕಟ್ಟಿದವರು, ಹೊಲಿಗೆ ಯಂತ್ರ ಇಟ್ಟವರು ಇದ್ದೀರಿ. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿ ದೇಶ ದಾಟಿ ಹೋಗಿದೆ. ಮನೆಮನೆಯ ರೊಟ್ಟಿ ಇತ್ತೀಚಿನ ವರ್ಷಗಳಲ್ಲಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಪಡೆದು ಪೊಟ್ಟಣದಲ್ಲಿ ದೂರದ ಊರುಗಳಿಗೆ ಹೋಗುತ್ತಿದೆ. ಇದು ಸಂತೋಷದ ಸಂಗತಿ. ಆದರೆ ರೊಟ್ಟಿ ದೂರ ಹೋದಷ್ಟು ಸುಲಭವಾಗಿ ಅದರ ದುಡ್ಡು ಬಡಿದವಳ ಕೈಗೆ ಬರುವುದಿಲ್ಲ.

ನಾನು ಕಂಡದ್ದನ್ನು ಹೇಳುತ್ತೇನೆ, ಹೆಸರುಗಳು ಬೇಡ. ಒಬ್ಬಳಿಗೆ ಮದುವೆಯಲ್ಲಿ ಕೊಡಬೇಕಾದ್ದನ್ನೆಲ್ಲ ಕೊಟ್ಟಿದ್ದರು. ತವರಿನಲ್ಲಿ ಇನ್ನು ಕೊಡುವ ಶಕ್ತಿ ಉಳಿಯಲಿಲ್ಲ. ಅವಳು ಸಂಘ ಸೇರಿದ ಮೇಲೆ ಬೇಡಿಕೆ ತವರಿನ ಕಡೆಯಿಂದ ಸಂಘದ ಕಡೆಗೆ ತಿರುಗಿತು. “ನಿಮ್ಮ ಸಂಘದಾಗ ಐವತ್ತು ಸಾವಿರ ಎತ್ತಿಕೊಂಡು ಬಾ, ಇಲ್ಲಂದ್ರ ತವರಿಗೆ ನಡಿ” ಎಂದ ಗಂಡ. ರೊಟ್ಟಿ ಯಂತ್ರಕ್ಕೆಂದು ಬರೆಸಿದ ಸಾಲದಲ್ಲಿ ಅವನ ಮೋಟಾರ್ ಸೈಕಲ್ ಬಂತು. ಕಂತು ಕಟ್ಟಿದ್ದು ಅವಳು, ಕಂತು ತಪ್ಪಿದ ವಾರ ಸಂಘದ ಹೆಂಗಸರಿಂದ ಮಾತು ಕೇಳಿದ್ದೂ ಅವಳು, ಮನೆಯಲ್ಲಿ ಹೊಡೆತ ತಿಂದದ್ದೂ ಅವಳೇ. ಇದನ್ನು ನಾನು ವರದಕ್ಷಿಣೆ ಎಂದೇ ಕರೆಯುತ್ತೇನೆ. ಹಿಂದೆ ಅಪ್ಪನ ಹೊಲ ಮಾರಿಸುತ್ತಿದ್ದರು, ಈಗ ಹೆಂಡತಿಯ ಸಹಿಯನ್ನು ಮಾರಿಸುತ್ತಿದ್ದಾರೆ.

ಇನ್ನೊಂದು ಬಗೆಯೂ ಇದೆ, ಅದು ನಮ್ಮ ಕೈಯಿಂದಲೇ ಆಗುವಂಥದ್ದು. ಸಂಘದ ಪುಸ್ತಕದಲ್ಲಿ ‘ಹೈನುಗಾರಿಕೆ’ ಎಂದು ಬರೆದಿರುತ್ತದೆ, ಕೊಟ್ಟಿಗೆಯಲ್ಲಿ ಎಮ್ಮೆ ಇರುವುದಿಲ್ಲ. ಕೇಳಿದರೆ, ಮಗಳ ಮದುವೆಯಾಗಿದೆ, ದುಡ್ಡು ಬೀಗರ ಮನೆಗೆ ಹೋಗಿದೆ. ತಾಯಿ ಐದು ವರ್ಷ ರೊಟ್ಟಿ ಬಡಿದು ಆ ಸಾಲ ತೀರಿಸುತ್ತಾಳೆ. ಹೆಣ್ಣಿನ ದುಡಿಮೆ ಹೆಣ್ಣಿನ ಬೆಲೆ ಕಟ್ಟಲು ಹೋದರೆ ಅದನ್ನು ಸ್ವಾವಲಂಬನೆ ಎನ್ನಲು ಬಾಯಿ ಬರುತ್ತದೆಯೇ?

ಇದರಿಂದ ಸಂಘಗಳೇ ಬೇಡ ಎಂದು ಯಾರೂ ತಿಳಿಯಬಾರದು. 1972ರಲ್ಲಿ ಇಳಾ ಭಟ್ ಅಹಮದಾಬಾದಿನಲ್ಲಿ ‘ಸೇವಾ’ ಕಟ್ಟಿದರು. ತಲೆಹೊರೆ ಹೊರುವವರು, ತರಕಾರಿ ಮಾರುವವರು, ಹಳೆ ಬಟ್ಟೆ ವ್ಯಾಪಾರದವರು ಅದರ ಸದಸ್ಯೆಯರು. ಬ್ಯಾಂಕುಗಳು ಇವರನ್ನು ಹತ್ತಿರ ಸೇರಿಸದಿದ್ದಾಗ 1974ರಲ್ಲಿ ನಾಲ್ಕು ಸಾವಿರ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ತಮ್ಮದೇ ಬ್ಯಾಂಕ್ ತೆರೆದರು. ಅಲ್ಲಿ ಮೊದಲು ಬಂದದ್ದು ಉಳಿತಾಯ, ಅವಳದೇ ಖಾತೆ. ನಮ್ಮ ರಾಜ್ಯದಲ್ಲೂ 1980ರ ದಶಕದಲ್ಲಿ ಮೈರಾಡದಂಥ ಸಂಸ್ಥೆಗಳು ಸಣ್ಣ ಸಣ್ಣ ಸಂಘಗಳನ್ನು ಕಟ್ಟಿದವು. 1989ರಲ್ಲಿ ಮಹಿಳಾ ಸಮಾಖ್ಯಾ ಬಂತು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸತೊಡಗಿತು. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಹಳ್ಳಿಹಳ್ಳಿಗೆ ಹೋಯಿತು. ಮಹಿಳಾ ಸಮಾಖ್ಯಾದ ಸಂಘಗಳಲ್ಲಿ ಬಾಲ್ಯವಿವಾಹ, ಹೊಡೆತ, ಕೂಲಿ ಎಲ್ಲವೂ ಚರ್ಚೆಗೆ ಬರುತ್ತಿದ್ದವು. ಬರಬರುತ್ತಾ ಎಷ್ಟೋ ಸಂಘಗಳಲ್ಲಿ ಚರ್ಚೆ ನಿಂತು ವಸೂಲಿ ಮಾತ್ರ ಉಳಿಯಿತು. ಮೇಲಿಂದ ಕಿರುಸಾಲದ ಖಾಸಗಿ ಕಂಪನಿಗಳು ಬಂದವು. ಅವರ ವಸೂಲಿಯ ಕಾಟ ಎಲ್ಲಿಗೆ ಮುಟ್ಟಿತೆಂದರೆ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಹೆಣ್ಣು ನಾಲ್ಕು ಕಾಸು ದುಡಿದರೆ ಮನೆಯಲ್ಲಿ ಗೌರವ ತಾನಾಗಿ ಬರುತ್ತದೆ, ಹೊಡೆತ ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ ಇದೆ. ಲೆಕ್ಕ ಬೇರೆ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ಶೇಕಡಾ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಇಷ್ಟು ವರ್ಷಗಳ ಸಂಘ-ಸಾಲಗಳ ನಂತರದ ಚಿತ್ರ ಇದು. ಹಾಗಾದರೆ ಹಿಂಸೆಯನ್ನು ತಡೆಯುವುದು ಯಾವುದು? ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಂಡಾ ಮತ್ತು ಬೀನಾ ಅಗರ್‌ವಾಲ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾವೆಲ್ಲ ನೆನಪಿಡಬೇಕು. ಹೊಲವೂ ಇಲ್ಲ, ಮನೆಯೂ ಇಲ್ಲ ಎನ್ನುವ ಹೆಂಗಸರಲ್ಲಿ ಶೇಕಡಾ 49ರಷ್ಟು ಜನ ಗಂಡನ ಹೊಡೆತ ತಿಂದಿದ್ದರು. ಹೊಲ, ಮನೆ ಎರಡೂ ತಮ್ಮ ಹೆಸರಿನಲ್ಲಿದ್ದವರಲ್ಲಿ ಹಾಗೆ ಹೊಡೆತ ತಿಂದವರು ಶೇಕಡಾ 7 ಮಾತ್ರ. ಗಂಡನಿಗಿಂತ ಒಳ್ಳೆಯ ಕೆಲಸದಲ್ಲಿದ್ದ ಹೆಂಗಸರಿಗೆ ಅಪಾಯ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು. ಬರೀ ಸಂಪಾದನೆ ಸಾಲದು. ‘ಹೊರಗೆ ನಡಿ’ ಎಂದಾಗ ಹೋಗಿ ನಿಲ್ಲಲು ತನ್ನದೆಂಬ ಜಾಗ ಬೇಕು.

ನಮ್ಮ ಕಸುಬುಗಳಿಗೆ ಈ ಮಾತು ಇನ್ನೂ ಹತ್ತಿರದ್ದು. ರೊಟ್ಟಿಯವಳ ಒಲೆ ಮನೆಯಲ್ಲಿ, ಹಂಚು ಮನೆಯಲ್ಲಿ, ಹಿಟ್ಟಿನ ಡಬ್ಬಿ ಮನೆಯಲ್ಲಿ. ರಾತ್ರಿ ಅವಳನ್ನು ಹೊರಗೆ ಹಾಕಿ ಬಾಗಿಲು ಹಾಕಿದರೆ ಬೆಳಗಿನ ಹೊತ್ತಿಗೆ ಉದ್ಯಮವೂ ಮುಚ್ಚಿತು. ಗಿರಾಕಿ ಬೇರೆಯವರ ಹತ್ತಿರ ಹೋದ, ಕಂತು ಮಾತ್ರ ಅವಳ ತಲೆಯ ಮೇಲೆ ಉಳಿಯಿತು.

ಇಂಥ ಹೊತ್ತಿನಲ್ಲಿ ಕಾನೂನು ಗೊತ್ತಿರಬೇಕು. 2005ರಲ್ಲಿ ಆಗಿ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಹೊಡೆತವನ್ನು ಮಾತ್ರ ಹಿಂಸೆ ಎನ್ನುವುದಿಲ್ಲ. ಹೆಣ್ಣಿನ ಹಣ, ಸ್ತ್ರೀಧನ, ಸಾಮಾನು ಕಿತ್ತುಕೊಳ್ಳುವುದನ್ನೂ ಆರ್ಥಿಕ ಹಿಂಸೆ ಎನ್ನುತ್ತದೆ. ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ತಪ್ಪಿದ ಗಳಿಕೆಗೆ, ಒಡೆದುಹಾಕಿದ ಅಥವಾ ಒಯ್ದ ಸಾಮಾನಿಗೆ ಪರಿಹಾರ ಕೇಳಬಹುದು. ಹೊಲಿಗೆ ಯಂತ್ರ ಮುರಿದರೆ, ಎಮ್ಮೆ ಮಾರಿಬಿಟ್ಟರೆ ‘ಮನೆ ಜಗಳ’ ಎಂದು ಸುಮ್ಮನಾಗಬೇಡಿ, ಅರ್ಜಿಯಲ್ಲಿ ಬರೆಸಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣು ಸ್ವಂತ ದುಡಿಮೆಯಿಂದ ಗಳಿಸಿದ ಆಸ್ತಿ ಪೂರ್ತಿ ಅವಳದೇ ಎಂದಿದೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲನ್ನು ನಮ್ಮ ರಾಜ್ಯ 1994ರಲ್ಲೇ ಕೊಟ್ಟಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. ‘ಮದುವೆಯಲ್ಲಿ ಕೊಟ್ಟಾಯಿತಲ್ಲ’ ಎಂದು ಅಣ್ಣತಮ್ಮಂದಿರು ಹಕ್ಕುಬಿಡುಗಡೆ ಪತ್ರ ತಂದರೆ ಹೆಬ್ಬೆಟ್ಟು ಒತ್ತುವ ಮೊದಲು ಸಂಘಕ್ಕೆ ಬಂದು ಕೇಳಿ.

ಇನ್ನು ನಾವು ಮಾಡಬೇಕಾದದ್ದು. ಮೊದಲನೆಯದಾಗಿ, ಹಣ ಅವಳೊಬ್ಬಳ ಖಾತೆಗೇ ಬರಬೇಕು. ಪಾಸ್‌ಬುಕ್, ಎಟಿಎಂ ಕಾರ್ಡು, ಮೊಬೈಲಿನ ಗುಟ್ಟಿನ ಸಂಖ್ಯೆ ಅವಳ ಬಳಿಯೇ ಇರಬೇಕು. ಉದ್ಯಮದ ನೋಂದಣಿ ಅವಳ ಹೆಸರಿನಲ್ಲಾಗಲಿ. ಗಂಡನ ಸಹಿ ಇಲ್ಲದೆ ಹೆಂಗಸಿಗೆ ಸಾಲವಿಲ್ಲ ಎಂಬ ಕಾನೂನು ಎಲ್ಲೂ ಇಲ್ಲ. ಹಾಗೆನ್ನುವ ಬ್ಯಾಂಕಿಗೆ ಒಬ್ಬಳೇ ಹೋಗಬೇಡಿ, ಹತ್ತು ಜನ ಹೋಗಿ. ಎರಡನೆಯದಾಗಿ, ವರದಕ್ಷಿಣೆಗೆ ಸಂಘದ ಸಾಲ ಇಲ್ಲ ಎಂದು ಠರಾವು ಬರೆದು ಸಹಿ ಹಾಕಿ. ಆ ದುಡ್ಡಿನಲ್ಲಿ ಮಗಳ ಹೆಸರಿಗೆ ಒಂದು ಯಂತ್ರವೋ, ನಾಲ್ಕು ಅಂಕಣದ ಜಾಗವೋ ಆಗಲಿ. ಮೂರನೆಯದಾಗಿ, ಕಂತು ತಪ್ಪಿದವಳನ್ನು ಬಯ್ಯುವ ಮೊದಲು ಅವಳ ಮನೆಗೆ ಹೋಗಿ, ಏನಾಗಿದೆ ಎಂದು ಕೇಳಿ. ಕಂತು ತಪ್ಪುವುದು ಎಷ್ಟೋ ಸಲ ಹಿಂಸೆಯ ಮೊದಲ ಸುಳಿವು.

ನಾಲ್ಕನೆಯದು ಸರ್ಕಾರಕ್ಕೆ ಸೇರಿದ್ದು. ಉದ್ಯೋಗಿನಿ ಯೋಜನೆಯ ಸಹಾಯಧನವಿದೆ, 2015ರಿಂದ ಅಡಮಾನವಿಲ್ಲದ ಮುದ್ರಾ ಸಾಲವಿದೆ. ಆದರೆ ನಮಗೆ ಸಾಲದಷ್ಟೇ ಮುಖ್ಯವಾಗಿ ಮನೆಯ ಹೊರಗೆ ಕೆಲಸದ ಜಾಗ ಬೇಕು: ಒಲೆ, ನೀರು, ಕರೆಂಟು, ದಾಸ್ತಾನಿಗೆ ಬೀಗವಿರುವ ಕೋಣೆ, ಮಕ್ಕಳಿಗೆ ಒಂದು ಮೂಲೆ. ಗಂಡ ಬಾಗಿಲು ಹಾಕಿದ ಮರುದಿನವೂ ಅವಳು ಹೋಗಿ ರೊಟ್ಟಿ ಬಡಿಯುವಂಥ ಜಾಗ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ಬರುವ ಹಣದಲ್ಲಿ ಇದಕ್ಕೊಂದು ಪಾಲು ಕೇಳೋಣ. 1998ರಲ್ಲಿ ಹುಟ್ಟಿದ ಕೇರಳದ ಕುಟುಂಬಶ್ರೀ 2013ರಿಂದ ‘ಸ್ನೇಹಿತಾ’ ಕೇಂದ್ರಗಳಲ್ಲಿ ಹಿಂಸೆಗೊಳಗಾದ ಹೆಂಗಸರಿಗೆ ಸಲಹೆಯನ್ನೂ ತಾತ್ಕಾಲಿಕ ಆಸರೆಯನ್ನೂ ಕೊಡುತ್ತಿದೆ. ವ್ಯಾಪಾರವನ್ನೂ ಆಸರೆಯನ್ನೂ ಒಂದೇ ಸಂಘಟನೆ ನೋಡಿಕೊಳ್ಳಲು ಅಲ್ಲಿ ಸಾಧ್ಯವಾದರೆ ಇಲ್ಲಿ ಏಕೆ ಆಗದು?

ಗೆಳತಿಯರೇ, ಊರಿಗೆ ಹೋಗಿ ಮುಂದಿನ ಸಭೆ ಸೇರಿದಾಗ ಲೆಕ್ಕದ ಪುಸ್ತಕದ ಒಂದು ಸಾಲು ಹೆಚ್ಚಿಸಿಕೊಳ್ಳಿ. ಸಾಲ ಎಷ್ಟು, ಕಂತು ಎಷ್ಟು ಎಂದು ಬರೆಯುವ ಜಾಗದ ಪಕ್ಕದಲ್ಲೇ ‘ಹಣ ಬಳಸಿದವರು ಯಾರು’ ಎಂದು ಬರೆಯಿರಿ. ಉತ್ತರ ಗಂಡ, ಮೈದುನ, ಬೀಗರು ಎಂದು ಬಂದ ಕಡೆ ನಮ್ಮ ಕೆಲಸ ಶುರುವಾಗಲಿ.