ಗುಮ್ಮಟದ ಊರು, ನೀರಿನ ಊರು

(ನಮ್ಮ ಉಚಿತ ವಾಚನಾಲಯದ ತಿಂಗಳ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಊರಿಗೆ ಹೋಗಿ ಬಂದವನನ್ನು ಹಿಡಿದು ನಿಲ್ಲಿಸಿ ನಾಲ್ಕು ಮಾತು ಆಡಿಸುವ ಪರಿಪಾಠ ನಮ್ಮಲ್ಲಿ ಉಂಟು. ಈ ತಿಂಗಳ ಪಾಳಿ ನನ್ನದು. ನನ್ನ ಊರು ಬಿಜಾಪುರ. ಸರಕಾರದ ಕಾಗದಪತ್ರಗಳಲ್ಲಿ 2014ರ ನವೆಂಬರ್ 1ರಿಂದ ಅದು ವಿಜಯಪುರ. ಹೆಸರು ಹೊಸದೇನಲ್ಲ, ಚಾಲುಕ್ಯರ ಕಾಲದ ಹಳೆಯ ಹೆಸರೇ ತಿರುಗಿ ಬಂದಿದೆ. ಆದರೂ ಬಸ್ಸಿನ ಕಂಡಕ್ಟರು ಕೂಗುವುದು ಇಂದಿಗೂ ಬಿಜಾಪುರವೆಂದೇ. ನಾನೂ ಬಾಯಿಗೆ ಬಂದುದನ್ನು ಬಳಸುತ್ತೇನೆ.

ನಾನು ಊರು ಬಿಟ್ಟದ್ದು 1972ರ ಬರಗಾಲದಲ್ಲಿ. ಬಾವಿಯ ತಳದಲ್ಲಿ ಕೊಡ ಮುಳುಗುವಷ್ಟೂ ನೀರಿರಲಿಲ್ಲ. ದನಗಳನ್ನು ಬಂದ ಬೆಲೆಗೆ ಮಾರಿದರು. ಹರೆಯದವರು ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆದರು, ಇಲ್ಲವೆ ನನ್ನ ಹಾಗೆ ಸೊಲ್ಲಾಪುರದ ಗಾಡಿ ಹತ್ತಿದರು. ಆಗ ಬಿಜಾಪುರದಿಂದ ಸೊಲ್ಲಾಪುರದವರೆಗೆ ಮೀಟರ್ ಗೇಜಿನ ಸಣ್ಣ ಗಾಡಿ. ಅಲ್ಲಿ ಇಳಿದು ಟ್ರಂಕು ಹೊತ್ತು ಮುಂಬಯಿಯ ದೊಡ್ಡ ಗಾಡಿಗೆ ಓಡಬೇಕು. ಈಗ ಹಳಿ ಅಗಲವಾಗಿದೆ. ಕಲ್ಯಾಣದಲ್ಲಿ ರಾತ್ರಿ ಹತ್ತಿ ಮಲಗಿದರೆ ಮರುದಿನ ಬೆಳಗಿನ ಹೊತ್ತಿಗೆ ಬಿಜಾಪುರವೇ. ನಡುವಿನ ವರ್ಷಗಳಲ್ಲಿ ಮದುವೆ, ಮಣ್ಣು ಎಂದು ಒಂದೊಂದು ದಿನಕ್ಕೆ ಹೋಗಿ ಬಂದುದುಂಟು. ಊರನ್ನು ನೋಡಲಿಕ್ಕೆಂದೇ ಎಂಟು ದಿನ ನಿಂತದ್ದು ಈ ಸಲ ಮಾತ್ರ.

ಗೋಲ ಗುಮ್ಮಟದ ವಿಚಾರ ತಾವೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದ್ದೀರಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಗುಮ್ಮಟದ ಹೊರ ಅಡ್ಡಳತೆ 144 ಅಡಿ, ಒಳಗೆ ನಡುವಿನಲ್ಲಿ ಒಂದು ಕಂಬವಿಲ್ಲ. ಹಿಂದೆ ಗಾಡಿ ಊರಿಗೆ ಬರುವ ಎಷ್ಟೋ ಮುಂಚೆ ಅದು ಬಯಲಿನ ಮೇಲೆ ಒಂಟಿಯಾಗಿ ಕಾಣಿಸುತ್ತಿತ್ತು. ಈಗ ನಡುನಡುವೆ ಮೊಬೈಲ್ ಗೋಪುರ, ನೀರಿನ ಟಾಕಿ, ನಾಲ್ಕಂತಸ್ತಿನ ಮನೆ ಅಡ್ಡ ಬರುತ್ತವೆ. ಟಾಂಗಾಗಳ ಜಾಗದಲ್ಲಿ ಆಟೋಗಳು ನಿಂತಿವೆ. ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತು ಯಾರೂ ಆಡುವುದಿಲ್ಲ, ಎಲ್ಲರೂ ಅರಚುತ್ತಾರೆ. ಅದು ಹಿಂದೆಯೂ ಹಾಗೆಯೇ ಇತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಮಲಿಕ್-ಎ-ಮೈದಾನ್ ತೋಪು ಬುರುಜಿನ ಮೇಲೆ ಇದ್ದಲ್ಲೇ ಇದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದು, 1632ರಲ್ಲಿ ಪರಾಂಡಾ ಕೋಟೆಯಿಂದ ಎಳೆದು ತಂದದ್ದು. ತೂಕ ಸುಮಾರು 55 ಟನ್ನು. ಅಂದರೆ ನಾವು ಈಗ ಅನ್ನ ತಿನ್ನುವ ನಾಡಿನಿಂದಲೇ ಅಲ್ಲಿಗೆ ಹೋದದ್ದು. 1854ರಲ್ಲಿ ಇದನ್ನು ಕೆಲಸಕ್ಕೆ ಬಾರದ ಸರಕೆಂದು ಹರಾಜಿಗೆ ಹಾಕಿದ್ದರು. ಬಂದ ಬೆಲೆ 150 ರೂಪಾಯಿ. ಜನರಿಗೆ ತೋಪಿನ ಮೇಲೆ ಇದ್ದ ಗೌರವವನ್ನು ಊರಿನ ಮಾಮಲೇದಾರರು ಮೇಲಕ್ಕೆ ತಿಳಿಸಲಾಗಿ ಹರಾಜು ರದ್ದಾಯಿತು. ಹೆಸರು ಉಳಿಯದ ಆ ಗುಮಾಸ್ತ ವರ್ಗದ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಗುಮ್ಮಟಗಳನ್ನು ನೋಡಿ ಊರು ಎಷ್ಟು ಬದಲಾಗಿದೆ ಎಂದು ತಿಳಿಯುವಂತಿಲ್ಲ, ಕಲ್ಲು ಅಷ್ಟು ಬೇಗ ಬದಲಾಗುವುದಿಲ್ಲ. ಬಿಜಾಪುರವನ್ನು ಅಳೆಯಬೇಕಾದುದು ನೀರಿನಿಂದ.

ಮಳೆ ಕಡಿಮೆ, ದಂಡೆಯಲ್ಲಿ ಹೊಳೆಯಿಲ್ಲ. ಇಂಥ ಕರಿಕಲ್ಲಿನ ಬಯಲಿನಲ್ಲಿ ಆದಿಲ್ ಶಾಹಿಗಳು ರಾಜಧಾನಿ ಕಟ್ಟಿದರು. 1565ರ ಯುದ್ಧದ ನಂತರ ಮೊದಲನೆಯ ಅಲಿ ಆದಿಲ್ ಶಾಹನು ಸುಮಾರು ಆರು ಮೈಲು ಸುತ್ತಳತೆಯ ಕೋಟೆ ಮುಗಿಸಿದ. ಕೋಟೆಯೊಳಗಿನ ಮಂದಿಗೆ ಕುಡಿಯುವುದೇನು? ಪಡುವಣದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. 1651ರಲ್ಲಿ ತೆಂಕಣದಲ್ಲಿ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಹರಿಸಿದರು. ಊರ ತುಂಬ ಬಾವಡಿಗಳು. ಅವುಗಳಲ್ಲಿ ಚಾಂದ್ ಬಾವಡಿ, ತಾಜ್ ಬಾವಡಿ ಹೆಸರುವಾಸಿ. ದಾರಿಯಲ್ಲಿ ಅಲ್ಲಲ್ಲಿ ಕಲ್ಲಿನ ಚೌಕ ಗೋಪುರಗಳು ನಿಂತಿವೆ, ಅವಕ್ಕೆ ಗಂಜ್ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅವು ಕಾವಲಿನ ಗೋಪುರಗಳೆಂದು ನಮಗೆ ಹೇಳುತ್ತಿದ್ದರು. ಅಸಲಿಗೆ ಕೊಳವೆಯ ನೀರು ಅದರೊಳಗೆ ಮೇಲೇರಿ ನಿಲ್ಲುತ್ತದೆ. ಒತ್ತಡ ಮುರಿಯುತ್ತದೆ, ರಾಡಿ ತಳಕ್ಕೆ ಇಳಿಯುತ್ತದೆ, ತಿಳಿನೀರು ಮುಂದಕ್ಕೆ ಹೋಗುತ್ತದೆ. ಹಾಗಿಲ್ಲದಿದ್ದರೆ ಮಣ್ಣಿನ ಕೊಳವೆ ಒಡೆದು ಹೋಗುತ್ತಿತ್ತು. ನಮ್ಮ ಸೊಸೈಟಿಯ ಮಾಳಿಗೆಯ ಟಾಕಿಯನ್ನು ತಿಂಗಳಿಗೊಮ್ಮೆ ತೊಳೆಸಲಿಕ್ಕೆ ಎಷ್ಟು ಜಗಳವಾಗುತ್ತದೆಂದು ಬಲ್ಲ ತಮಗೆ ಈ ಗಂಜ್‌ಗಳ ಬುದ್ಧಿವಂತಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1686ರಲ್ಲಿ ಔರಂಗಜೇಬನು ಊರನ್ನು ಗೆದ್ದ. ಅರಸೊತ್ತಿಗೆ ಹೋದ ಮೇಲೆ ಕೊಳವೆ ನೋಡುವವರೂ ಹೋದರು. ಬಾವಡಿಗಳಲ್ಲಿ ಹೂಳು, ಕೋಟೆಯೊಳಗೆ ಜಾಲಿ. 1876-78ರ ಬರಗಾಲ ಈ ಜಿಲ್ಲೆಯನ್ನು ಹಣ್ಣು ಮಾಡಿತು. 1885ರಲ್ಲಿ ಆಂಗ್ಲರು ಜಿಲ್ಲೆಯ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದು, ಹಳೆಯ ಮಹಲುಗಳಲ್ಲಿ ಕಚೇರಿ ತೆರೆದ ಮೇಲೆ ಊರಿಗೆ ತುಸು ಜೀವ ಬಂತು. ವಚನಗಳನ್ನು ತಾಡವೋಲೆಗಳಿಂದ ಎತ್ತಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರು ಇಲ್ಲಿಯೇ ವಕೀಲರು. ಹಿತಚಿಂತಕ ಮುದ್ರಣಾಲಯ ನಡೆಸಿದವರು, ಊರಿನ ಭೂತನಾಳ ಕೆರೆಗಾಗಿ ದುಡಿದವರೂ ಅವರೇ. ವಚನ ಓದಲಿಕ್ಕೂ ಮೊದಲು ಗಂಟಲು ಒದ್ದೆಯಾಗಬೇಕೆಂದು ಅವರು ಬಲ್ಲವರಾಗಿದ್ದರು.

ಕೃಷ್ಣೆಗೆ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಲ್ಲಿ, ಲಾಲ ಬಹಾದ್ದೂರ ಶಾಸ್ತ್ರಿಗಳು. ನಾನು ಆಗ ಹತ್ತರ ಹುಡುಗ. ಅಣೆಕಟ್ಟನ್ನು ರಾಷ್ಟ್ರಪತಿ ಅಬ್ದುಲ್ ಕಲಾಮರು ನಾಡಿಗೆ ಒಪ್ಪಿಸಿದ್ದು 2006ರಲ್ಲಿ. ಅಷ್ಟರೊಳಗೆ ನನ್ನ ಕೂದಲು ಬೆಳ್ಳಗಾಗಿತ್ತು. ನಡುವಿನ ನಲವತ್ತೆರಡು ವರ್ಷಗಳಲ್ಲಿ ಆ ಜಿಲ್ಲೆಯಿಂದ ಮುಂಬಯಿ, ಪುಣೆ, ಗೋವೆಗಳ ಕಟ್ಟಡಗಳಿಗೆ ಎಷ್ಟು ಮಂದಿ ಬಂದರೋ! ಇಲ್ಲಿ ಕುಳಿತವರಲ್ಲೇ ಎಣಿಸಬಹುದು.

ಈಗ ಕೊಲ್ಹಾರದ ಬಳಿ ಕೃಷ್ಣೆಯ ನೀರನ್ನು ಎತ್ತಿ ಊರಿಗೆ ತರುತ್ತಾರೆ. ಕಳೆದ ದಶಕದಲ್ಲಿ ಜಿಲ್ಲೆಯ ಹಳೆಯ ಕೆರೆಗಳನ್ನು ಹೊಳೆಯ ನೀರಿನಿಂದ ತುಂಬಿಸುವ ಕೆಲಸ ನಡೆಯಿತು, ಬಾವಡಿಗಳ ಹೂಳನ್ನೂ ಎತ್ತಿಸಿದರು. ನಾನು ಬಿಟ್ಟು ಹೋಗುವಾಗ ಬೇಗಂ ತಲಾಬಿನ ತಳದಲ್ಲಿ ಹುಡುಗರು ಚೆಂಡಾಟವಾಡುತ್ತಿದ್ದರು. ಈ ಸಲ ನೋಡಿದರೆ ನೀರಿನ ಮೇಲೆ ಹಕ್ಕಿ ಕುಳಿತಿವೆ. ಏರಿಯ ಮೇಲೆ ಕುಳಿತ ಒಬ್ಬ ಮುದುಕ, 'ಎಲ್ಲಿಂದ ಬಂದ್ರಿ?' ಎಂದು ಕೇಳಿದ. ಮುಂಬಯಿ ಎಂದೆ. 'ನೀರು ನೋಡಾಕ ಬಂದ್ರೇನು, ಗುಮ್ಮಟ ನೋಡಾಕ ಬಂದ್ರೇನು?' ಎಂದ. ಎರಡೂ ಎಂದೆ. 'ಗುಮ್ಮಟ ಎಲ್ಲಿ ಹೋಗತೈತ್ರಿ, ನೀರು ನೋಡ್ರಿ' ಎಂದ.

ಆದರೆ ಎಲ್ಲ ಸುಖವಾಯಿತೆಂದು ತಿಳಿಯಬೇಡಿ. ನಾನು ಇಳಿದುಕೊಂಡ ಮನೆಯ ನಲ್ಲಿಗೆ ನೀರು ಬಂದದ್ದು ನಾಲ್ಕನೆಯ ದಿನ. ಅಂಗಳದ ತುಂಬ ನೀಲಿ ಪೀಪಾಯಿ. ಇಲ್ಲಿ ಮೊರ್ಬೆ ಅಣೆಕಟ್ಟಿನ ನೀರು ದಿನಾ ನಲ್ಲಿಗೆ ಬರುವುದನ್ನು ಕಂಡ ನನಗೆ ಕೈಕಾಲು ತೊಳೆಯಲಿಕ್ಕೂ ಸಂಕೋಚವಾಯಿತು. ಇನ್ನೊಂದು ಮಾತು: ಬಿಜಾಪುರಕ್ಕೆ ಬಂದ ನೀರಿನ ಬೆಲೆಯನ್ನು ತೆತ್ತವರು ಬೇರೆಯವರು. ಹಳೆಯ ಬಾಗಲಕೋಟೆಯ ಓಣಿಗಳು ಹಿನ್ನೀರಿನಲ್ಲಿ ಹೋದವು. ಜನ ನವನಗರದ ಸೆಕ್ಟರುಗಳಿಗೆ ಎದ್ದು ಹೋದರು. ನಮ್ಮ ನೆರೂಳು, ಸೀವುಡ್ಸ್‌ಗಳ ಹಾಗೆಯೇ ಅಲ್ಲಿಯೂ ವಿಳಾಸದಲ್ಲಿ ಸೆಕ್ಟರ್ ನಂಬರು! ಈಗ 519.60 ಮೀಟರಿನವರೆಗೆ ನಿಲ್ಲಿಸುವ ನೀರನ್ನು 524.256ಕ್ಕೆ ಏರಿಸಬೇಕೆಂದು ಕರ್ನಾಟಕ ಕೇಳುತ್ತಿದೆ. ಸಾಂಗ್ಲಿ, ಕೊಲ್ಹಾಪುರಗಳಲ್ಲಿ ನೆರೆ ಹೆಚ್ಚೀತೆಂದು ಮಹಾರಾಷ್ಟ್ರ ಬೇಡವೆನ್ನುತ್ತಿದೆ. ನಮ್ಮ ವಾಚನಾಲಯದ ಮೇಜಿನ ಮೇಲಿನ ಮರಾಠಿ ಪತ್ರಿಕೆಯನ್ನೂ ಕನ್ನಡ ಪತ್ರಿಕೆಯನ್ನೂ ಒಂದೇ ದಿನ ಓದುವವರಿಗೆ ಇದರ ಎರಡು ಮುಖವೂ ಗೊತ್ತು. ಎರಡೂ ಕಡೆ ನೆಂಟರಿರುವ ನಾನು ಯಾವ ಪಕ್ಷ ಹಿಡಿಯಲಿ? ಸಾಂಗ್ಲಿಯವರ ಅಂಜಿಕೆಯನ್ನು ಲೆಕ್ಕ ಹಾಕಿ ತೋರಿಸಿ ಕಳೆಯಬೇಕೇ ಹೊರತು ಬೈದು ಕಳೆಯಲಾಗದು ಎಂದಷ್ಟೇ ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ ಮನೆಯದು. ನನ್ನ ತಮ್ಮನ ಮನೆ ಕೋಟೆಯೊಳಗೆ, ಒಂದು ಸಣ್ಣ ಹಳೆಯ ಗೋರಿಯ ಹತ್ತಿರ. 2010ರಲ್ಲಿ ತಿದ್ದಿದ ಕಾನೂನಿನ ಮೇರೆಗೆ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆ ಮತ್ತೆ 200 ಮೀಟರಿನವರೆಗೆ ಅಪ್ಪಣೆ ಬೇಕು. ಇಬ್ಬರು ಮಕ್ಕಳ ಮದುವೆಯಾಯಿತು. ಮೇಲೆ ಒಂದು ಕೋಣೆ ಏರಿಸುವಂತಿಲ್ಲ. ಹಿರಿಯ ಮಗ ಸೊಲ್ಲಾಪುರ ರಸ್ತೆಯ ಕಡೆ ಬಾಡಿಗೆಗೆ ಹೋದ. 'ನೀವು ವರ್ಷಕ್ಕೊಮ್ಮೆ ಬಂದು ಊರು ಹಳೇದಿರಬೇಕು ಅಂತೀರಿ, ನಾವು ಅದರಾಗ ಇರಬೇಕಲ್ಲ' ಎಂದ ತಮ್ಮ. ಕಾನೂನು ಬೇಕು, ಅದಿಲ್ಲದಿದ್ದರೆ ಗುಮ್ಮಟದ ಮೆಟ್ಟಿಲಿನ ತನಕ ಅಂಗಡಿ ಬಂದಾವು. ಆದರೆ ಗೋಲ ಗುಮ್ಮಟಕ್ಕೂ ಹೆಸರಿಲ್ಲದ ಗೋರಿಗೂ ಒಂದೇ ಹಗ್ಗದ ಅಳತೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ತೊರವಿಗೂ ಒಂದು ದಿನ ಹೋದೆ. ಎರಡನೆಯ ಇಬ್ರಾಹಿಮ್ ಆದಿಲ್ ಶಾಹನು 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣ ಕಟ್ಟಲು ತೊಡಗಿದ್ದು ಅಲ್ಲಿ. 1624ರಲ್ಲಿ ಮಲಿಕ್ ಅಂಬರನು ಅದನ್ನು ಕೆಡವಿದ. ಅದೇ ತೊರವಿಯಲ್ಲಿ ಇಂದು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, 2003ರಲ್ಲಿ ಸ್ಥಾಪನೆಯಾದದ್ದು. ಸಂಜೆಯ ಬಸ್ಸಿನ ತುಂಬ ಚೀಲ ಹೆಗಲಿಗೆ ಹಾಕಿದ ಹುಡುಗಿಯರು. ಸಿಂದಗಿ, ಇಂಡಿಯ ಹಳ್ಳಿಗಳವರು. ನನ್ನ ಅಕ್ಕಂದಿರು ಆ ವಯಸ್ಸಿನಲ್ಲಿ ಎರಡು ಮೈಲು ದೂರದಿಂದ ಕೊಡ ಹೊತ್ತು ತರುತ್ತಿದ್ದರು. ಇಡೀ ಊರಿನಲ್ಲಿ ನನ್ನನ್ನು ನಿಲ್ಲಿಸಿ ನೋಡುವಂತೆ ಮಾಡಿದ್ದು ಆ ಬಸ್ಸು.

ಹಾಗೆಂದು ವಲಸೆ ನಿಂತಿಲ್ಲ. ತಿಕೋಟಾದ ಕಡೆ ದ್ರಾಕ್ಷಿ ತೋಟಗಳು ಎದ್ದಿವೆ. ಆದರೆ ತುಂಡು ಹೊಲವೂ ಇಲ್ಲದವನಿಗೆ ಕಾಲುವೆ ಬಂದರೇನು? ನಾನು ಮರಳಿ ಬರುವ ಗಾಡಿಯಲ್ಲಿಯೇ ತಾಂಡಾದ ಎರಡು ಕುಟುಂಬಗಳು ಪಾತ್ರೆ ಕಟ್ಟಿಕೊಂಡು ಕಬ್ಬು ಕಡಿಯಲಿಕ್ಕೆ ಹೊರಟಿದ್ದವು.

ಹಬ್ಬಕ್ಕೆ ಹೋಗುವ ಮಿತ್ರರಿಗೆ ಒಂದು ಮಾತು. ಊರಲ್ಲಿ ತಮ್ಮ ಪಾಲಿನ ಹೊಲವಿದ್ದರೆ ಪಹಣಿ ತೆಗೆಸಿ ಯಾರ ಹೆಸರಿನಲ್ಲಿದೆ ನೋಡಿಕೊಂಡು ಬನ್ನಿ. ನೀರು ಬಂದ ಕಡೆ ಭೂಮಿಯ ಬೆಲೆಯೂ ಅಣ್ಣತಮ್ಮಂದಿರ ಮಾತೂ ಬದಲಾಗಿವೆ. ಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗಿ, ಶಾಲೆಯ ಮಕ್ಕಳು ಬರುವ ಮೊದಲು. ಆಮೇಲೆ ತಾಜ್ ಬಾವಡಿಗೆ ಮರೆಯದೆ ಹೋಗಿ. ಆಟೋದವರು ತಾವಾಗಿ ಕರೆದೊಯ್ಯುವುದಿಲ್ಲ, ಕೇಳಬೇಕು. ಈಗ ಪ್ರಶ್ನೆಗಳಿದ್ದರೆ ಆಗಲಿ. ರಾತ್ರಿಪಾಳಿಗೆ ಹೋಗುವವರು ಮೊದಲು ಕೇಳಿ ಬಿಡಿ.